ಮೊದಲನೆಯ ಎಲೆ

ಆ ಊರಿಗೆ ಹೆಸರಿದೆ. ಆದರೆ ಹೆಸರು ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ, ಹೋದರೆ ವಾಡೆಯನ್ನು ನೋಡುತ್ತೀರಿ, ನೋಡಿದರೆ ಉಣ್ಣಲು ಕೂರುತ್ತೀರಿ. ಆದ್ದರಿಂದ ಹೆಸರು ಬೇಡ.

ಊರ ನಡುವೆ ಕಲ್ಲಿನ ಅಗಸಿಯ ದೊಡ್ಡ ವಾಡೆ. ಯಾವ ಕಾಲದ್ದೋ, ಯಾವ ಒಡೆಯ ಕಟ್ಟಿಸಿದ್ದೋ. ಒಡೆತನ ಹೋಯಿತು, ಕುದುರೆಗಳು ಹೋದವು, ದಿವಟಿಗೆ ಹಿಡಿಯುವವರು ಹೋದರು, ಕೊನೆಗೆ ಅಲ್ಲಿ ಉಳಿದದ್ದು ಊಟ ಒಂದೇ. ಅದೂ ಎಲ್ಲರಿಗಲ್ಲ, ಕರೆದವರಿಗೆ ಮಾತ್ರ. ಬೆಳಿಗ್ಗೆ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ಅರಿಸಿನ ಹಚ್ಚಿದ ಅಡಿಕೆ ಕಂಡರೆ ಅದೇ ಕರೆ. ಅಡಿಕೆ ಬಂದ ಮನೆಯವರನ್ನು ಕಂಡು ಉಳಿದವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನಮ್ಮ ಸರದಿಯೂ ಬಂದೀತು ಎಂದು ಹೊಸ್ತಿಲು ಗುಡಿಸಿ ಕಾಯುತ್ತಿದ್ದರು.

ವಾಡೆಗೆ ಎರಡು ಕಟ್ಟಳೆಗಳಿದ್ದವು. ಉಣ್ಣುವ ಮೊದಲು ಮನೆಯನ್ನೆಲ್ಲ ನೋಡಬೇಕು. ಉಣ್ಣಲು ಕೂತ ಮೇಲೆ ಮೊದಲನೆಯ ಎಲೆಯವರು ಏಳುವ ತನಕ ಯಾರೂ ಏಳಬಾರದು. ಇದರಲ್ಲೇನು ಹೊಸದು, ನಮ್ಮ ಮನೆಯ ಪಂಕ್ತಿಯಲ್ಲೂ ಹಾಗೇ ಅಲ್ಲವೇ ಎನ್ನುತ್ತೀರಿ. ಊರವರೂ ಹಾಗೇ ಅಂದಿದ್ದರು. ಉಣ್ಣಲು ಹೋದವರು ಯಾರೂ ತಿರುಗಿ ಬಂದಿರಲಿಲ್ಲ ಎನ್ನುವುದನ್ನು ಮಾತ್ರ ಅವರು ದೊಡ್ಡದು ಮಾಡಲಿಲ್ಲ. ವಾಡೆಯ ಊಟವೆಂದರೆ ಬೇಗ ಮುಗಿಯುವಂಥದ್ದೇ?

ಅಗಸಿಯ ಎದುರಿನ ಓಣಿಯಲ್ಲಿ ಎಲೆ ಹಚ್ಚುವವಳು ಇದ್ದಳು. ಮುತ್ತುಗದ ಎಲೆಗಳನ್ನು ಒಂದರ ಅಂಚಿಗೆ ಒಂದಿಟ್ಟು, ಸಣ್ಣ ಕಡ್ಡಿ ಚುಚ್ಚಿ, ದುಂಡಗೆ ಊಟದೆಲೆ ಮಾಡುವುದು ಅವಳ ಕಸುಬು. ವಾರಕ್ಕೊಮ್ಮೆ ಬಡಿಸುವವನೊಬ್ಬ ಬಂದು ವಾಡೆಗೆ ಬೇಕಾದಷ್ಟು ಎಲೆ ಒಯ್ಯುತ್ತಿದ್ದ. ಅವಳಿಗೆ ಒಂದು ವಿಷಯ ಮಾತ್ರ ಬಗೆಹರಿದಿರಲಿಲ್ಲ. ಇಷ್ಟು ಎಲೆ ಒಳಗೆ ಹೋಗುತ್ತವೆ, ಉಂಡ ಎಲೆ ಒಂದೂ ಹೊರಗೆ ಬೀಳುವುದಿಲ್ಲ. ವಾಡೆಯ ಹಿತ್ತಲಲ್ಲಿ ಒಂದು ನಾಯಿ ಸುಳಿಯುವುದಿಲ್ಲ, ಒಂದು ದನ ಮೂಸುವುದಿಲ್ಲ.

ಅವಳ ಗಂಡ ಬಾವಿ ತೋಡುವವ. ಮೂರು ವರ್ಷದ ಹಿಂದೆ ಅವನಿಗೆ ಅಡಿಕೆ ಬಂತು. ಹಾರೆ, ಸಲಿಕೆ, ಹಗ್ಗ ಎಲ್ಲವನ್ನೂ ಗೋಡೆಗೆ ಒರಗಿಸಿ, ಮುಖ ತೊಳೆದು, "ಸಂಜೀಕ ಬರ್ತೀನಿ" ಎಂದು ಹೋದ. ಹಾರೆಗೆ ತುಕ್ಕು ಹಿಡಿಯಿತು. ಓಣಿಯ ತುದಿಯಲ್ಲಿ ಅವನು ಅರ್ಧ ತೋಡಿದ ಬಾವಿಯಲ್ಲಿ ಹುಲ್ಲು ಬೆಳೆಯಿತು. ಅವರದು ಬಡ ಮನೆ. ಇದ್ದ ಒಂದು ರೊಟ್ಟಿಯನ್ನು ಮುರಿದು, ದೊಡ್ಡ ಅರ್ಧವನ್ನು ಅವನ ಮುಂದಿಟ್ಟು, "ಇವತ್ತ ಇಷ್ಟ ಐತಿ ನೋಡ್ರಿ" ಎನ್ನುವುದು ಅವಳ ರೂಢಿ. ಅವನು ಹೋದ ಮೇಲೂ ರೊಟ್ಟಿ ಮುರಿಯುವ ಕೈ ನಿಲ್ಲಲಿಲ್ಲ. ದೊಡ್ಡ ಅರ್ಧ ತಾಟಿನಲ್ಲೇ ಒಣಗುತ್ತಿತ್ತು, ಅವಳು ಅಳುತ್ತಿದ್ದಳು, ಅತ್ತು ಮತ್ತೆ ಎಲೆ ಹಚ್ಚುತ್ತಿದ್ದಳು.

ಮೂರು ವರ್ಷದ ಮೇಲೆ ಒಂದು ದಿನ ಅವಳ ಹೊಸ್ತಿಲ ಮೇಲೂ ಅರಿಸಿನದ ಅಡಿಕೆ ಕೂತಿತ್ತು. ಉಣ್ಣುವ ಆಸೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಗಂಡನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬರುತ್ತೇನೆ ಎಂದು ಸೆರಗು ಸಿಕ್ಕಿಸಿ ಹೊರಟಳು.

ನಡುಹಗಲು. ಅಗಸಿಯ ಬಾಗಿಲು ಹಾರು ಹೊಡೆದಿತ್ತು. ಕಾವಲಿನವರಿಲ್ಲ, ಬೀಗವಿಲ್ಲ, ಸರಪಳಿಯಿಲ್ಲ. ಬಾಗಿಲಲ್ಲಿ ಒಬ್ಬ ಮುದುಕ ಕೈ ಮುಗಿದು ನಿಂತಿದ್ದ. ಅವನು ಮನೆ ತೋರಿಸುವವ.

"ಬರ್ರಿ ಅವ್ವಾರ, ಬಲಗಾಲಿಟ್ಟು ಬರ್ರಿ" ಎಂದ.

"ನನ್ನ ಗಂಡ ಇಲ್ಲಿ ಅದಾರು. ಅವರನ್ನ ಕರಕೊಂಡು ಹೋಗಾಕ ಬಂದೀನಿ."

"ಅದಾರ, ಅದಾರ. ಎಲ್ಲಿ ಹೋಗ್ತಾರ? ಮೊದಲ ಮನಿ ನೋಡ್ರಿ. ನೋಡದ ಉಣ್ಣಂಗಿಲ್ಲ, ಉಣ್ಣದ ಹೋಗಂಗಿಲ್ಲ."

ಬಲಗಾಲಿಟ್ಟು ಹೋದಳು. ಮೊದಲನೆಯದು ಕೆರವಿನ ಕೋಣೆ. ಗೋಡೆಯಿಂದ ಗೋಡೆಗೆ ಸಾಲಾಗಿ ಚಪ್ಪಲಿಗಳು, ಮೆಟ್ಟುಗಳು, ಜೋಡುಗಳು. ಎಲ್ಲದರ ಮೂತಿಯೂ ಒಳಮುಖವಾಗಿತ್ತು. ಧೂಳಿನ ಕಣವಿರಲಿಲ್ಲ. "ದಿನಾ ಒರೆಸ್ತೀವ್ರಿ. ಯಾರ ಕೆರಾನೂ ಕಳುವಾಗಿಲ್ಲ ಈ ಮನ್ಯಾಗ" ಎಂದು ಮುದುಕ ಹೆಮ್ಮೆಪಟ್ಟ. ಅವಳು ಸಾಲಿನಲ್ಲಿ ಬಾಗಿ ನೋಡುತ್ತ ಹೋದಳು. ಉಂಗುಷ್ಠ ಕಿತ್ತು ಕೆಂಪು ದಾರದಲ್ಲಿ ಹೊಲಿದಿದ್ದ ಒಂದು ಜೊತೆ ಸಿಕ್ಕಿತು. ಆ ಹೊಲಿಗೆ ಅವಳದೇ. ತನ್ನ ಚಪ್ಪಲಿಯನ್ನು ಅದರ ಪಕ್ಕ ಬಿಟ್ಟಳು.

"ಬಲಗಾಲಿಟ್ಟು ಬರ್ರಿ" ಎಂದ ಮುದುಕ. ಎರಡನೆಯದು ಪಟಗಳ ಕೋಣೆ. ವಾಡೆಯ ಯಜಮಾನರೆಲ್ಲ ಅಲ್ಲಿ ಸಾಲಾಗಿ ತೂಗಿದ್ದರು, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಮುಂಡಾಸು, ಒಬ್ಬೊಬ್ಬರ ಮುಂದೂ ಒಂದೊಂದು ಎಲೆ. ಕೊನೆಯ ಮೊಳೆಗೆ ಪಟವಿರಲಿಲ್ಲ. ಒಂದು ಹಳೆಯ ಕೇಸರಿ ಮುಂಡಾಸು ತೂಗುತ್ತಿತ್ತು. ಮುದುಕ ಅದರ ಕಡೆ ನೋಡದೆ, ಕಂಬವನ್ನು ಎರಡು ಸಲ ತಟ್ಟಿ ಮುಂದೆ ನಡೆದ.

"ಬಲಗಾಲಿಟ್ಟು ಬರ್ರಿ." ಮೂರನೆಯದು ಅಡಿಗೆಮನೆ. ಆನೆ ಮುಳುಗುವಂಥ ಕೊಪ್ಪರಿಗೆಗಳು, ಹೋಳಿಗೆ ಬೇಯುವ ಹಂಚುಗಳು, ಕಟ್ಟಿನ ಸಾರಿನ ಘಮ. ಒಲೆಯ ಬೆಂಕಿ ಯಾವಾಗ ಹಚ್ಚಿದ್ದೋ ಅಡಿಗೆಯವರಿಗೇ ನೆನಪಿರಲಿಲ್ಲ. ಅಡಿಗೆಮನೆಯ ಮಗ್ಗುಲಲ್ಲಿ ಒಂದು ಸಣ್ಣ ಬಾಗಿಲಿತ್ತು. ಇಡೀ ವಾಡೆಯಲ್ಲಿ ಬೀಗ ಬಿದ್ದಿದ್ದು ಆ ಒಂದೇ ಬಾಗಿಲಿಗೆ.

"ಇದೇನ್ರಿ ಅಜ್ಜಾರ?"

"ಮಜ್ಜಿಗಿ ಇಡೂ ಖೋಲಿ. ಮಜ್ಜಿಗಿ ಬಂತಂದ್ರ ಊಟ ಮುಗೀತಂತ ಅಲ್ಲೇನ್ರಿ? ಅದನ್ನ ಮೊದಲನೇ ಎಲಿಯವರು ಕೇಳಬೇಕು. ಅವರು ಕೇಳಿದ್ರ ತೆಗಿಯೂದು."

"ಅವರು ಕೇಳಿಲ್ಲೇನು?"

ಮುದುಕ ಸೊಂಟದ ಬೀಗದಕೈಯನ್ನು ಮುಟ್ಟಿಕೊಂಡ, ಅಷ್ಟೆ. "ಬಲಗಾಲಿಟ್ಟು ಬರ್ರಿ" ಎಂದ.

ನಾಲ್ಕನೆಯದು ಉಣ್ಣುವ ಪಡಸಾಲೆ.

ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಉದ್ದಾನುದ್ದ ಒಂದೇ ಪಂಕ್ತಿ. ಊರಿನಿಂದ ಹೋದವರೆಲ್ಲ ಅಲ್ಲಿದ್ದರು. ಅಕ್ಷರ ಕಲಿಸುವವನಿದ್ದ, ಅವನ ಶಾಲೆಯ ಮಕ್ಕಳು ಈಗ ಮೀಸೆ ಬಂದ ಗಂಡಸರು. ಬಾಸಿಂಗ ಕಟ್ಟಿಕೊಂಡೇ ಬಂದಿದ್ದ ಮದುಮಗನಿದ್ದ. ಬಾಸಿಂಗ ಒಣಗಿ ಉದುರಿ ದಾರವಷ್ಟೇ ಹಣೆಯ ಮೇಲೆ ಉಳಿದಿತ್ತು. ಸೂಲಗಿತ್ತಿ ಇದ್ದಳು, ಅವಳಿಲ್ಲದೆ ಊರಲ್ಲಿ ಎಷ್ಟು ಹೆರಿಗೆ ಏನಾದವೋ. ಎಲ್ಲರ ಬಲಗೈಯೂ ಎಲೆಯ ಮೇಲೆ, ಎಲ್ಲರ ಕಣ್ಣೂ ತಮ್ಮ ತಮ್ಮ ಎಲೆಯೊಳಗೆ. ಆ ಎಲೆಗಳನ್ನು ನೋಡಿದಾಗ ಅವಳಿಗೆ ಅದುವರೆಗೆ ಬಗೆಹರಿಯದಿದ್ದದ್ದು ಬಗೆಹರಿಯಿತು. ಎಲೆ ಒಣಗಿದರೆ ತೆಗೆಯುತ್ತಿರಲಿಲ್ಲ. ಉಣ್ಣುವವರ ಮುಂದಿನ ಎಲೆಯನ್ನು ಎಳೆಯುವುದುಂಟೇ? ಅದರ ಮೇಲೇ ಹೊಸ ಎಲೆ ಹಾಸುತ್ತಿದ್ದರು. ಎಲೆಯ ಮೇಲೆ ಎಲೆ, ಎಲೆಯ ಮೇಲೆ ಎಲೆ. ಈಚೆಗೆ ಬಂದವರ ಎಲೆ ಮೊಳಕಾಲಿನ ಮಟ್ಟಕ್ಕೆ ಏರಿತ್ತು, ಹಳಬರದು ಎದೆಮಟ್ಟಕ್ಕೆ. ಪಂಕ್ತಿಯ ಮೊದಲ ಕಡೆಯಲ್ಲಿದ್ದ ಒಬ್ಬ ಅಜ್ಜಿಯ ಕಣ್ಣುಗಳಷ್ಟೇ ಕಾಣುತ್ತಿದ್ದವು. ಅವಳು ಕೈ ಮೇಲೆತ್ತಿ, ಮೇಲಿನಿಂದ ತುತ್ತು ಇಳಿಸಿಕೊಂಡು ಉಣ್ಣುತ್ತಿದ್ದಳು. ಪ್ರತಿ ಎಲೆಯ ಕಡ್ಡಿಯ ಗುರುತೂ ಎಲೆ ಹಚ್ಚುವವಳಿಗೆ ಸಿಕ್ಕಿತು. ಒಂದೊಂದೂ ಅವಳ ಕೈಯದೇ. ಇವರ ಸುತ್ತ ಗೋಡೆ ಕಟ್ಟಿದವಳು ನಾನೇ ಎಂದುಕೊಂಡಳು.

ಬಡಿಸುವವರು ಬರಿಗಾಲಲ್ಲಿ ಸದ್ದಿಲ್ಲದೆ ಓಡಾಡುತ್ತಿದ್ದರು. ಯಾರ ಎಲೆಯಲ್ಲಿ ಜಾಗ ಕಂಡರೂ ಬಾಗುತ್ತಿದ್ದರು. "ಇನ್ನೊಂದೇ ಒಂದು" ಎನ್ನುತ್ತಿದ್ದರು.

"ಸಾಕ್ರೆಪಾ" ಎನ್ನುವರು ಉಣ್ಣುವವರು.

"ಸಾಕು ಅನ್ನಬಾರದ್ರಿ. ಇನ್ನೊಂದೇ ಒಂದು."

ಬೇಡ ಎಂದರೆ ಎರಡು ಹಾಕುತ್ತಿದ್ದರು. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ ಸುರಿಯುತ್ತಿದ್ದರು. ನಕ್ಕು ಹಾಕುತ್ತಿದ್ದರು, ಆಣೆ ಇಟ್ಟು ಹಾಕುತ್ತಿದ್ದರು, ನಿಮ್ಮ ತವರಿನ ಹೆಸರಲ್ಲಿ ಎಂದು ಹಾಕುತ್ತಿದ್ದರು.

ಪಡಸಾಲೆಯಿಂದ ಅಗಸಿಯ ಬಾಗಿಲು ನೇರ ಕಾಣುತ್ತಿತ್ತು. ಬಾಗಿಲಾಚೆ ಬಿಸಿಲು, ಬಿಸಿಲಲ್ಲಿ ಓಣಿ, ಓಣಿಯಲ್ಲಿ ಅವರವರ ಮನೆ. ಇಪ್ಪತ್ತು ಹೆಜ್ಜೆ ಇದ್ದೀತು. ಯಾರನ್ನೂ ಯಾರೂ ಕಟ್ಟಿ ಹಾಕಿರಲಿಲ್ಲ. ಆದರೆ ನಡುಪಂಕ್ತಿಯಲ್ಲಿ ಎದ್ದರೆ ಅಕ್ಕಪಕ್ಕದವರ ಊಟ ಕೆಡುತ್ತದೆ. ಅಕ್ಕಪಕ್ಕದವರ ಊಟ ಕೆಡಿಸುವಂಥ ಕೆಟ್ಟವರು ಆ ಊರಲ್ಲಿ ಹುಟ್ಟಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಎಲ್ಲರೂ ಒಂದೊಂದು ತುತ್ತಿಗೂ ಒಮ್ಮೆ ಪಂಕ್ತಿಯ ತಲೆಯ ಕಡೆ ನೋಡುತ್ತಿದ್ದರು. ಅಲ್ಲಿ ಒಂದು ಮಣೆ, ಮಣೆಯ ಮುಂದೆ ಒಂದೇ ಒಂದು ಎಲೆ, ಎಲೆಯ ಮೂಲೆಯಲ್ಲಿ ಚಿಟಿಕೆ ಉಪ್ಪು. ಮಣೆ ಬರಿದಾಗಿತ್ತು.

"ಮೊದಲನೇ ಎಲಿಯವರು ಎಲ್ಲಿ?" ಎಂದಳು.

"ಈಗ ಬರ್ತೀನಿ ಅಂತ ಹೇಳಿ ಹೋಗ್ಯಾರ" ಎಂದ ಮುದುಕ.

"ಎಂದು ಹೋದ್ರು?"

ಮುದುಕ ಬೆವರು ಒರೆಸಿಕೊಳ್ಳಲು ಹಣೆಯ ಮೇಲಿನ ಕೂದಲು ಸರಿಸಿದ. ಆಗ ಅವಳ ಕಣ್ಣಿಗೆ ಬಿತ್ತು: ಹಣೆಯ ಮೇಲೆ ಅಡ್ಡಕ್ಕೆ ಒಂದು ಬಿಳಿಚಿದ ಪಟ್ಟಿ. ಬಹುಕಾಲ ಮುಂಡಾಸು ಸುತ್ತಿದವರ ತಲೆಗೆ ಮಾತ್ರ ಬೀಳುವ ಗುರುತು.

"ಅಜ್ಜಾರ, ಮುಂಡಾಸ ಯಾವಾಗ ಬಿಚ್ಚಿದ್ರಿ?"

ಮುದುಕ ಕಂಬಕ್ಕೆ ಒರಗಿ ಕೂತ. ದನಿ ತಗ್ಗಿಸಿ ಹೇಳಿದ. "ಯಾರ ಮುಂದೂ ಆಡಬ್ಯಾಡ್ರಿ ಅವ್ವಾರ. ಕಡೀ ಎಲಿಯವ ಒಬ್ಬ ಆ ದಿನ ಭಾಳ ಸಾವಕಾಶ ಉಣ್ಣಾಕ ಹತ್ತಿದ್ದ. ಎಲ್ಲಾರ ಕೈ ನಿಂತಿದ್ದು ನೋಡಿ ಏಳಬೇಕು, ಒಬ್ಬ ಉಣ್ಣೂವಾಗ ಎದ್ರ ಅವನ ಅನ್ನ ಕಸಗೊಂಡ ಪಾಪ. ಕಾದೆ, ಕಾದೆ. ಕಾಲು ಜೋಮು ಹಿಡಿದು ತಡಿಯಾಕ ಆಗಲಿಲ್ಲ. 'ಒಂದ ನಿಮಿಷ, ಈಗ ಬಂದೆ, ನೀವು ಉಣಕೋತ ಇರ್ರಿ' ಅಂತ ಎದ್ದೆ. ಅಷ್ಟರ ಮರ್ಯಾದಿ ಬ್ಯಾಡೇನ್ರಿ? ಅವರು ಅದನ್ನ ನಂಬಿದ್ರು. ಉಣಕೋತ ಅದಾರ."

"ತಿರುಗಿ ಬಂದು ಕೂಡಬೇಕಿತ್ತು."

"ಬಿಟ್ಟೆದ್ದ ಎಲಿಗೆ ಮತ್ತ ಕೂಡೂದುಂಟೇನು? ನಾಚಿಕಿ ಆತು. ಮುಂಡಾಸ ಬಿಚ್ಚಿ ಮೊಳಿಗೆ ಹಾಕಿದೆ. ಮುಂಡಾಸ ಇಲ್ಲದವನನ್ನ ಯಾರೂ ಗುರುತ ಹಿಡೀಲಿಲ್ಲ. ಬ್ಯಾರೆ ಯಾರರ ಮೊದಲನೇ ಎಲಿಗೆ ಕೂತ್ರ ಬಿಡುಗಡಿ ಆದೀತು ಅಂತ ದಿನಾ ಅಡಿಕಿ ಕಳಸ್ತೀನಿ, ಮನಿ ತೋರಸ್ತೀನಿ. ಬಂದವರು ಎಲ್ಲಾರೂ 'ಅಯ್ಯ, ನಮಗ್ಯಾಕ ಆ ಎಲಿ, ನಾವು ಸಣ್ಣವರು' ಅಂತ ಕಡೀ ಎಲಿಗೇ ಹೋಗಿ ಕೂಡತಾರ. ಎಲ್ಲಾರೂ ವಿನಯದವರು, ಅವ್ವಾರ. ಈ ಊರಿನ ವಿನಯ ನನ್ನ ಕೊಂದಿತು."

ಎಲೆ ಹಚ್ಚುವವಳು ಪಂಕ್ತಿಯ ತುದಿಯ ತನಕ ಕಣ್ಣು ಹಾಯಿಸಿದಳು. ತುದಿಗಿಂತ ಸ್ವಲ್ಪ ಈಚೆಗೆ ಬಾವಿ ತೋಡುವವ ಕೂತಿದ್ದ. ಗುರುತು ಸಿಗಲು ಹೊತ್ತು ಹಿಡಿಯಿತು. ಕೆನ್ನೆ ತುಂಬಿತ್ತು, ತೋಳು ದುಂಡಗಾಗಿತ್ತು. ಹಾರೆ ಹಿಡಿದು ಜಡ್ಡುಗಟ್ಟಿದ ಅಂಗೈ ತುಪ್ಪದಲ್ಲಿ ಮೆತ್ತಗಾಗಿ ಹೊಳೆಯುತ್ತಿತ್ತು. ಬಡಿಸುವವನೊಬ್ಬ ಅವನ ಮುಂದೆ ಬಾಗಿ ಹೋಳಿಗೆ ಹಿಡಿದಿದ್ದ. ಗಂಡ ನಗುತ್ತಿದ್ದ. ಅವಳು ಆ ನಗೆಯನ್ನು ಮದುವೆಯಾದ ಮೇಲೆ ಒಮ್ಮೆಯೂ ಕಂಡಿರಲಿಲ್ಲ.

ಕರೆದರೆ ಏಳುವವನಲ್ಲ ಎಂದು ಗೊತ್ತಾಯಿತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಅವಳು ನೆಟ್ಟಗೆ ನಡೆದು ಹೋಗಿ ಮೊದಲನೆಯ ಎಲೆಯ ಮುಂದೆ ಕೂತಳು.

ಪಂಕ್ತಿಯ ಉದ್ದಕ್ಕೂ ಉಸಿರು ನಿಂತಿತು. ಎಲೆ ಹಚ್ಚುವವಳು! ಯಜಮಾನರ ಮಣೆಯ ಮೇಲೆ! ಅಕ್ಷರ ಕಲಿಸುವವ ಕಣ್ಣು ಮುಚ್ಚಿಕೊಂಡ. ಅವಳ ಮುಖ ನಾಚಿಕೆಯಿಂದ ಸುಟ್ಟು ಹೋಗುತ್ತಿತ್ತು. ಆದರೂ ಉಪ್ಪು ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು, ಬಡಿಸುವವರ ಕಡೆ ತಿರುಗಿ ಹೇಳಿದಳು:

"ಮಜ್ಜಿಗಿ ತರ್ರಿ."

ಬಡಿಸುವವರು ಮುಖ ಮುಖ ನೋಡಿಕೊಂಡರು. ಮುದುಕ ಎದ್ದ. ಅವನು ಓಡಿದ್ದನ್ನು ಆ ಮನೆಯ ಕಂಬಗಳೂ ಕಂಡಿರಲಿಲ್ಲ. ಬೀಗ ತೆಗೆದ ಸದ್ದು ಪಡಸಾಲೆಗೆ ಕೇಳಿಸಿತು. ಮಣ್ಣಿನ ಗಡಿಗೆಗಳಲ್ಲಿ ಮಜ್ಜಿಗೆ ಬಂತು, ಆಗಷ್ಟೇ ಕಡೆದಷ್ಟು ತಣ್ಣಗೆ, ಮೇಲೆ ಕರಿಬೇವು ತೇಲುತ್ತ. ಅನ್ನದ ಮೇಲೆ ಮಜ್ಜಿಗೆ ಬಿದ್ದದ್ದೇ ಸೂಲಗಿತ್ತಿ ಗಟ್ಟಿಯಾಗಿ ಅತ್ತಳು. ಮದುಮಗ ಸೊರ್ರೆಂದು ಕುಡಿದು ಕೈ ನೆಕ್ಕಿಕೊಂಡ. ಎದೆಮಟ್ಟದ ಎಲೆಗಳ ಹಿಂದೆ, ಗದ್ದದ ಮಟ್ಟದ ಎಲೆಗಳ ಹಿಂದೆ, ಒಂದೊಂದೇ ಕೈ ನಿಂತಿತು.

ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ತುದಿಯ ತನಕ ನೋಡಿದಳು. ಎಲ್ಲ ಕೈ ನಿಂತಿದ್ದವು. ಒಂದೇ ಒಂದು ಕೈ ಅನ್ನ ಕಲಸುತ್ತಿತ್ತು.

"ಮುಗಸ್ರಿ" ಎಂದಳು ಗಂಡನಿಗೆ. "ಮನಿಗೆ ಹೋಗೂಣು."

ಬಾವಿ ತೋಡುವವ ತಲೆ ಎತ್ತಿದ. ಹೆಂಡತಿಯನ್ನು ಗುರುತಿಸಿದ, ಕಣ್ಣು ತುಂಬಿಕೊಂಡವು. ಆದರೆ ಕೈ ನಿಲ್ಲಲಿಲ್ಲ.

"ನೀ ಯಾಕ ಆ ಎಲಿಗೆ ಕೂತಿ?" ಎಂದ.

"ನಿಮ್ಮನ್ನ ಎಬ್ಬಸಾಕ. ಮಜ್ಜಿಗಿ ಬಂತು. ಕಡೀ ತುತ್ತು, ಬರ್ರಿ."

"ಇನ್ನೊಂದು ತುತ್ತು."

ಇನ್ನೊಂದು ತುತ್ತು ಆಯಿತು. ಬಡಿಸುವವನು ಅವನ ಎಲೆಯಲ್ಲಿ ಮತ್ತೆ ಜಾಗ ಕಂಡು ಬಾಗಿದ. "ಇನ್ನೊಂದೇ ಒಂದು" ಎಂದ. ಬಾವಿ ತೋಡುವವ ಬೇಡ ಎನ್ನಲಿಲ್ಲ. ಕೈ ಅಡ್ಡ ಹಿಡಿಯಲಿಲ್ಲ.

"ಉಳಿದವರು ನಾಚಿಕಿಗೆ ಕೂತಾರ" ಎಂದಳು ಅವಳು. "ನೀವ್ಯಾಕ ಕೂತೀರಿ?"

ಅವನು ಎಲೆಯನ್ನೇ ನೋಡುತ್ತ ಮೆಲ್ಲಗೆ, ಆದರೆ ಇಡೀ ಪಂಕ್ತಿಗೆ ಕೇಳುವಂತೆ ಹೇಳಿದ. "ನಾ ಹುಟ್ಟಿ ಇಷ್ಟು ವರ್ಷ ಆತು. ಇನ್ನೊಂದು ಹಾಕ್ಕೊ ಅಂತ ನನಗ ಯಾರೂ ಅಂದಿದ್ದಿಲ್ಲ. ನಮ್ಮವ್ವ ಅನ್ನಲಿಲ್ಲ. ನೀನೂ ಅನ್ನಲಿಲ್ಲ. ಇಷ್ಟ ಐತಿ ನೋಡ್ರಿ ಅಂತಿದ್ದಿ."

"ಇದ್ದದ್ದ ಅಷ್ಟ ಇತ್ತಲ್ರಿ. ದೊಡ್ಡ ತುಂಡು ನಿಮಗ ಇಡತಿದ್ದೆ."

"ಗೊತ್ತೈತಿ. ನಿನ್ನ ತಪ್ಪಂತ ನಾ ಅನ್ನವಲ್ಲೆ. ಆದ್ರ ಇಲ್ಲಿ ಅಂತಾರ. ದಿನಾ ಅಂತಾರ." ಅವನು ತುತ್ತು ಕಟ್ಟಿದ. "ನೀ ಅಲ್ಲೇ ಕೂತಿರು. ನನಗೂ ಚಲೋ ಆತು, ನಿನಗೂ ಬಡಸ್ತಾರ."

ಆ ಮಾತು ಅವಳ ಎದೆಗೆ ನೆಟ್ಟಿತು. ಬೈದಿದ್ದರೆ ತಡೆಯುತ್ತಿದ್ದಳು; ಇದು ಬೈಗುಳವಲ್ಲ, ನಿಜ. ಅಷ್ಟರಲ್ಲಿ ಒಬ್ಬ ಬಡಿಸುವವ ಅವಳ ಎಲೆಯ ಮುಂದೂ ಬಾಗಿದ್ದ. ಹೋಳಿಗೆ ಬೆಚ್ಚಗಿತ್ತು. ಮೂರು ವರ್ಷದಿಂದ ಅವಳೂ ಹಸಿದವಳೇ. "ಇನ್ನೊಂದೇ ಒಂದು" ಎಂದ ಅವನು, ತವರಿನವರ ದನಿಯಲ್ಲಿ. ಅವಳ ಕೈ ತಾನಾಗಿಯೇ ಎಲೆಯ ಅಂಚಿಗೆ ಸರಿಯಿತು. ಇಲ್ಲೇ ಕೂತರೆ ಗಂಡ ದಿನವೂ ಕಣ್ಣಿಗೆ ಕಾಣುತ್ತಾನೆ. ಹೊಟ್ಟೆ ತುಂಬುತ್ತದೆ. ಯಾರೂ ತಪ್ಪೆನ್ನುವುದಿಲ್ಲ, ಅವನು ಇನ್ನೂ ಉಣ್ಣುತ್ತಿದ್ದಾನಲ್ಲ.

ಪಂಕ್ತಿ ಅವಳನ್ನೇ ನೋಡುತ್ತಿತ್ತು. ಯಾರೂ ಏಳು ಎನ್ನಲಿಲ್ಲ, ಹಾಗೆನ್ನುವುದು ಮರ್ಯಾದೆಯಲ್ಲ. ಮೂಗಿನ ತನಕ ಎಲೆ ಏರಿದ್ದ ಅಜ್ಜಿ ಮಾತ್ರ, ಎಲೆಗಳ ಮೇಲಿನಿಂದ, ಮಿಟುಕಿಸದೆ ಅವಳ ಕಡೆ ನೋಡಿದಳು. ಆ ಕಣ್ಣುಗಳಲ್ಲಿ ಬೇಡಿಕೆಯಿತ್ತು.

ಎಲೆ ಹಚ್ಚುವವಳು ಎದ್ದಳು. ಆ ಊರಲ್ಲಿ ಯಾವ ಮನೆಯಿಂದ ಹೊರಟರೂ 'ಬರ್ತೀನಿ' ಎನ್ನಬೇಕು, ಇನ್ನೊಂದು ಮಾತು ಅಪಶಕುನ. ಅವಳು ಆ ಅಪಶಕುನವನ್ನೇ ಆಡಿದಳು.

"ಊಟ ಮುಗೀತು. ನಾ ಹೋಗ್ತೀನಿ."

ಇಡೀ ಪಂಕ್ತಿ ಎದ್ದು ನಿಂತಿತು. ಎಲೆಯ ಗುಡ್ಡೆಗಳು ಒಂದರ ಮೇಲೊಂದು ಉರುಳಿದವು. ಕಾಲು ಮರೆತವರು ಗೋಡೆ ಹಿಡಿದರು, ಗೋಡೆ ಸಿಗದವರು ಒಬ್ಬರನ್ನೊಬ್ಬರು ಹಿಡಿದರು. ಕೆರವಿನ ಕೋಣೆಯಲ್ಲಿ ಜಾತ್ರೆಯ ಗದ್ದಲ. ಎಲ್ಲರೂ ತಂತಮ್ಮ ಚಪ್ಪಲಿಯ ಮೂತಿಯನ್ನು ಹೊರಗೆ ತಿರುಗಿಸಿಕೊಂಡು ಬಿಸಿಲಿಗೆ ಬಿದ್ದರು. ಮನೆ ತೋರಿಸುವವನಿಗೆ ಕೆರವು ಇರಲಿಲ್ಲ, ಎಂದೋ ಲಡ್ಡಾಗಿ ಹೋಗಿತ್ತು. ಅವನು ಬರಿಗಾಲಲ್ಲೇ ಎಲ್ಲರಿಗಿಂತ ಮುಂದೆ ಓಡಿದ. ಹಿಂದೆ ಪಡಸಾಲೆಯಲ್ಲಿ ಒಬ್ಬನೇ ಒಬ್ಬ ಉಣ್ಣುತ್ತಿದ್ದ. ಎಲ್ಲ ಬಡಿಸುವವರೂ ಈಗ ಅವನೊಬ್ಬನ ಸುತ್ತ ಬಾಗಿದ್ದರು. ಅವಳು ಕೆಂಪು ದಾರದ ಚಪ್ಪಲಿಗಳ ಮೂತಿಯನ್ನು ಬಾಗಿಲ ಕಡೆ ತಿರುಗಿಸಿಟ್ಟು, ಹಿಂತಿರುಗಿ ನೋಡದೆ ಇಪ್ಪತ್ತು ಹೆಜ್ಜೆ ನಡೆದು ಓಣಿಗೆ ಬಂದಳು.

ಊರು ಅವಳನ್ನು ಹೊಗಳಿತು. ಬೆನ್ನ ಹಿಂದೆ, ಉಣ್ಣುವ ಗಂಡನ ಎದುರು ಎದ್ದು ಬಂದವಳು ಎಂದೂ ಆಡಿಕೊಂಡಿತು. ಎರಡೂ ದಿಟ, ಅವಳು ಎರಡನ್ನೂ ಅಲ್ಲಗಳೆಯಲಿಲ್ಲ.

ಒಂದು ವಾರ ಕಳೆಯಿತು. ಬಡಿಸುವವ ಬಾಗಿಲಿಗೆ ಬಂದ. ಯಾವತ್ತಿನಂತೆ ಕೈ ಮುಗಿದ.

"ಎಲಿ ಬೇಕಾಗಿತ್ತು ಅವ್ವಾರ."

"ಎಷ್ಟು?"

"ಒಂದು."

ಅವಳ ಕೈಯಲ್ಲಿನ ಕಡ್ಡಿ ನಿಂತಿತು. ಕೊಡದಿದ್ದರೆ ಅವನ ಮುಂದಿನ ಎಲೆ ಒಣಗಿ ಹರಿಯುತ್ತದೆ, ಊಟ ನಿಲ್ಲುತ್ತದೆ, ಅವನು ಏಳುತ್ತಾನೆ. ಅಷ್ಟೇ ಸಾಕು, ಅಷ್ಟೇ ಮಾಡಬೇಕಾದದ್ದು. ಆದರೆ ಉಣ್ಣುವವನ ಮುಂದಿನ ಎಲೆ ಎಳೆಯುವುದುಂಟೇ? ಅವನ ಅನ್ನದ ಎದುರಿನಿಂದ ಒಮ್ಮೆ ಎದ್ದು ಬಂದ ಪಾಪ ಹೊತ್ತವಳು ಇನ್ನೊಮ್ಮೆ ಅವನ ಎಲೆಯನ್ನೇ ಕಸಿಯಲೇ? ಹುಟ್ಟಿದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಣ್ಣುತ್ತಿರುವವನದು?

ಹಸಿರಾದ ಎಲೆಗಳನ್ನು ಆರಿಸಿ, ಎಲ್ಲೂ ಸೋರದ ಹಾಗೆ ಒತ್ತೊತ್ತಾಗಿ ಕಡ್ಡಿ ಚುಚ್ಚಿ ಹಚ್ಚಿಕೊಟ್ಟಳು. ಇದು ಕೊನೆಯದು ಎಂದುಕೊಂಡಳು. ಮುಂದಿನ ವಾರವೂ ಬಡಿಸುವವ ಬಂದ.

ಇಂದಿಗೂ ಬರುತ್ತಾನೆ. ಅಗಸಿಯ ಬಾಗಿಲು ಇಂದಿಗೂ ಹಾರು ಹೊಡೆದೇ ಇದೆ, ಅವಳ ಮನೆಯ ಬಾಗಿಲೂ ಹಾಗೇ. ನಡುವೆ ಇಪ್ಪತ್ತು ಹೆಜ್ಜೆ. ಅವಳು ಹೊಸ್ತಿಲಲ್ಲಿ ಕೂತು ಮುತ್ತುಗದ ಎಲೆ ಮಡಿಲಿಗೆ ಎಳೆದುಕೊಳ್ಳುತ್ತಾಳೆ, ಕಡ್ಡಿ ಸೀಳುತ್ತಾಳೆ, ಯಾರೂ ಕೇಳದಿದ್ದರೂ ಮೆಲ್ಲಗೆ ಹೇಳುತ್ತಾಳೆ:

"ಇನ್ನೊಂದೇ ಒಂದು."